ಅಕ್ಕನ ಮರಗಳಿಗೆ ಕಟಿಂಗ್

ತಲೆಗೂದಲು ಅರ್ಧಕ್ಕರ್ಧ ಬೆಳ್ಳಗಾಗಿದ್ದರೂ, ಸ್ವಂತದ್ದೊಂದು ಸೆಲೂನು, ಅದರಲ್ಲಿ ತಿರುಗುವ ಎರಡು ಕುರ್ಚಿ, ಗೋಡೆಯುದ್ದಕ್ಕೂ ಕನ್ನಡಿ ಇದ್ದರೂ, ಆ ಬೀದಿಗೆಲ್ಲ ಅವನು ಅಕ್ಕನ ತಮ್ಮ. ಹಿರಿಯರು ತಮ್ಮ ಅನ್ನುತ್ತಿದ್ದರು. ಕಿರಿಯರು ಮರ್ಯಾದೆಗೆಂದು ಒಂದು ಅಣ್ಣ ಸೇರಿಸಿ ತಮ್ಮಣ್ಣ ಅನ್ನುತ್ತಿದ್ದರು. ಅಕ್ಕ ದೊಡ್ಡಾಸ್ಪತ್ರೆಯಲ್ಲಿ ನರ್ಸಾಗಿದ್ದು ನಿವೃತ್ತಳಾದವಳು. ಬೀದಿಯ ಅರ್ಧ ಮಕ್ಕಳು ಹುಟ್ಟುವಾಗಲೇ ಅವಳ ಕೈಗೆ ಬಂದಿದ್ದವು. ಉಳಿದರ್ಧಕ್ಕೆ ಅವಳು ಸೂಜಿ ಚುಚ್ಚಿದ್ದಳು. ಹಾಗಾಗಿ ಅವಳ ಮಾತಿಗೆ ಎದುರಾಡುವವರು ಯಾರೂ ಇರಲಿಲ್ಲ. ಎದುರಿನ ಗ್ಯಾರೇಜಿನವನೊಬ್ಬ ಮಾತ್ರ ಆಡುತ್ತಿದ್ದ, ಅದೂ ಅವಳು ಬೀದಿಯ ತಿರುವು ದಾಟಿದ ಮೇಲೆ.

ಅಕ್ಕನಿಗೆ ತಮ್ಮನ ಮೇಲೆ ಪ್ರೀತಿ ಇರಲಿಲ್ಲವೆಂದಲ್ಲ, ಬೇಕಾದಷ್ಟಿತ್ತು. ಇಲ್ಲದ್ದು ನಂಬಿಕೆ. ಹಾಲಿನ ಪಾತ್ರೆ ಕೊಟ್ಟು ಕಳಿಸಿದರೆ ಅರ್ಧ ಚೆಲ್ಲಿಕೊಂಡು ಬರುತ್ತಾನೆ, ಅಂಚೆಪೆಟ್ಟಿಗೆಗೆ ಹಾಕೆಂದು ಕಾಗದ ಕೊಟ್ಟರೆ ಜೇಬಿನಲ್ಲೇ ಇಟ್ಟುಕೊಂಡು ಬಟ್ಟೆಯ ಜೊತೆ ಒಗೆಸುತ್ತಾನೆ ಎಂದು ಅವನಿಗೆ ಎಂಟು ವರ್ಷವಾಗಿದ್ದಾಗ ಅವಳೊಂದು ಅಭಿಪ್ರಾಯಕ್ಕೆ ಬಂದಿದ್ದಳು. ಆಮೇಲೆ ಅವನಿಗೆ ಮೀಸೆ ಬಂತು, ಮದುವೆಯಾಯಿತು, ಅಂಗಡಿಯಾಯಿತು. ಅಭಿಪ್ರಾಯ ಬದಲಿಸುವ ಗೋಜಿಗೆ ಅಕ್ಕ ಹೋಗಲೇ ಇಲ್ಲ. ಅವಳ ಮನೆಯ ನಲ್ಲಿ ಸೋರಿದರೆ ಅವನು ಸ್ಪ್ಯಾನರ್ ಹಿಡಿದು ಹೋಗುತ್ತಿದ್ದ. "ನೀನು ಬಿಡೋ, ನಾನು ನೋಡ್ಕೋತೀನಿ" ಎಂದು ಅವಳು ಸ್ಪ್ಯಾನರ್ ಕಸಿದುಕೊಳ್ಳುತ್ತಿದ್ದಳು. ಅವನಿಗೆ ಇದ್ದ ಆಸೆ ದೊಡ್ಡದೇನಲ್ಲ. ಅಕ್ಕ ಒಂದೇ ಒಂದು ಸಲ ಏನನ್ನಾದರೂ ತನ್ನ ಕೈಗೆ ಕೊಟ್ಟು, ಹಿಂತಿರುಗಿ ನೋಡದೆ ಹೋಗಬೇಕು. ಹೆಂಡತಿಗೆ ಬಿಟ್ಟು ಬೇರೆ ಯಾರಿಗೂ ಅವನು ಇದನ್ನು ಹೇಳಿರಲಿಲ್ಲ, ಹೆಂಡತಿಗೂ ಹೇಳಬೇಕಾದ ಅಗತ್ಯ ಇರಲಿಲ್ಲ.

ಆ ಬೀದಿಯಲ್ಲಿ ಹಿಂದೆ ಮರಗಳಿದ್ದವಂತೆ. ನೀರಿನ ಪೈಪು ಹಾಕುವಾಗ ಒಂದಷ್ಟು ಹೋದವು, ರಸ್ತೆ ಅಗಲ ಮಾಡುವಾಗ ಉಳಿದವು ಹೋದವು. ಕೊನೆಗೆ ರಸ್ತೆಗೂ ಕಾಲುದಾರಿಗೂ ನಡುವೆ ಉದ್ದಕ್ಕೆ ಒಂದು ಪಟ್ಟಿ ಮಣ್ಣು ಉಳಿಯಿತು. ಮಧ್ಯಾಹ್ನ ಸೆಲೂನಿಗೆ ಬಂದ ಗಿರಾಕಿಗಳಿಗೆ ಬಿಸಿಲಿನಿಂದ ಕಣ್ಣು ಕತ್ತಲಿಟ್ಟು, ಕನ್ನಡಿಯಲ್ಲಿ ತಮ್ಮ ಮುಖ ತಮಗೆ ಕಾಣಿಸಲು ಸ್ವಲ್ಪ ಹೊತ್ತು ಹಿಡಿಯುತ್ತಿತ್ತು. ನಿವೃತ್ತಿಯಾಗಿ ಒಂದು ವಾರಕ್ಕೇ ಕೈಕಾಲು ಆಡದೆ ಚಡಪಡಿಸಿದ ಅಕ್ಕ, ಪುರಸಭೆಯವರು ಭಾನುವಾರ ಬೆಳಗ್ಗೆ ನಡೆಸುತ್ತಿದ್ದ ಗಿಡ ನೆಡುವ ಕ್ಲಾಸಿಗೆ ಸೇರಿದಳು. ಹೊಸ ರೋಗಿಗಳು ಸಿಕ್ಕ ಖುಷಿಯಲ್ಲಿ ಬಂದು ಬೀದಿಯವರನ್ನೆಲ್ಲ ಸೇರಿಸಿದಳು. ಗಿಡ ಪುರಸಭೆಯದ್ದು, ಆರೈಕೆ ಬೀದಿಯವರದ್ದು. ವರ್ಷ ಕಳೆದ ಮೇಲೆ ಅಧಿಕಾರಿ ಬಂದು ನೋಡುತ್ತಾರೆ. ಗಿಡಗಳು ಚೆನ್ನಾಗಿದ್ದರೆ ಆ ಪಟ್ಟಿ ಮರಗಳಿಗೇ ಖಾಯಂ, ಸುತ್ತ ಕಬ್ಬಿಣದ ಬೇಲಿ, ಬೇಸಿಗೆಗೆ ಟ್ಯಾಂಕರ್ ನೀರು. ಇಲ್ಲದಿದ್ದರೆ ಡಾಂಬರು ಹಾಕಿ ಪಾರ್ಕಿಂಗ್ ಮಾಡುತ್ತಾರೆ. ರಿಪೇರಿಗೆ ಬಂದ ಕಾರುಗಳನ್ನು ನಿಲ್ಲಿಸಲು ಜಾಗವಿಲ್ಲದೆ ಒದ್ದಾಡುತ್ತಿದ್ದ ಗ್ಯಾರೇಜಿನವನಿಗೆ ಪಾರ್ಕಿಂಗೇ ಬೇಕಿತ್ತು. ಅವನು ಅದನ್ನು ಮುಚ್ಚಿಟ್ಟೂ ಇರಲಿಲ್ಲ.

ನೆಡುವ ದಿನ ತಮ್ಮ ಎಲ್ಲರಿಗಿಂತ ಮೊದಲೇ ಗುದ್ದಲಿ ಹಿಡಿದು ಬಂದು, ಬೆವರು ಸುರಿಸಿ, ಸೊಂಟದ ತನಕ ಇಳಿಯುವಂಥ ಗುಂಡಿ ತೋಡಿ, ಅದರ ಪಕ್ಕದಲ್ಲಿ ಜಂಬದಿಂದ ನಿಂತಿದ್ದ.

"ಇದೇನೋ, ಬಾವಿ ತೋಡ್ತಿದ್ದೀಯಾ?" ಅಂದಳು ಅಕ್ಕ.

"ಆಳ ಇದ್ರೆ ಗಿಡ ಗಟ್ಟಿಯಾಗಿ ನಿಲ್ಲತ್ತೆ ಅಲ್ವಾ ಅಕ್ಕ?"

"ಕುತ್ತಿಗೆ ತನಕ ಹೂತ್ರೆ ನೀನೂ ಗಟ್ಟಿಯಾಗೇ ನಿಲ್ತೀಯ. ಎಷ್ಟು ಹೊತ್ತು ಬದುಕಿರ್ತೀಯ ಅನ್ನೋದಷ್ಟೇ ಪ್ರಶ್ನೆ. ನೋಡು, ಕಾಂಡ ಮುಗಿದು ಬೇರು ಶುರುವಾಗೋ ಜಾಗ ಇದು. ಇದು ಯಾವತ್ತೂ ಮಣ್ಣಿನ ಮೇಲೆ ಕಾಣ್ತಿರ್ಬೇಕು. ಗುಂಡಿ ಅಗಲ ಮಾಡು, ಆಳ ಬೇಡ. ಈಗ ಅರ್ಧ ಮುಚ್ಚು."

ತೋಡಿದ್ದನ್ನು ತೋಡಿದವನೇ ಮುಚ್ಚುವಾಗ ಬೀದಿಯವರೆಲ್ಲ ಕೈಕಟ್ಟಿ ನೋಡಿದರು. ಆದರೆ ಪಾಠ ತಲೆಗೆ ಹತ್ತಿತು. ಮುಂದಿನದನ್ನೂ ಅವನು ಒಂದೊಂದಾಗಿ ಕಲಿತ. ನೀರನ್ನು ಬುಡಕ್ಕೆ ಸುರಿಯಬಾರದು, ಸುತ್ತ ಸ್ವಲ್ಪ ದೂರಕ್ಕೆ ಹಾಕಬೇಕು, ಬೇರು ಅದನ್ನು ಹುಡುಕಿಕೊಂಡು ಹೋಗಬೇಕು. ಒಣಗಿದ ಎಲೆಗಳನ್ನು ಉಂಗುರದಂತೆ ಹರಡಬೇಕು, ಕಾಂಡಕ್ಕೆ ತಾಗಿಸಬಾರದು. ಆಸರೆಯ ಕೋಲಿಗೆ ಬಿಗಿಯಾಗಿ ಕಟ್ಟಬಾರದು, ಗಾಳಿಗೆ ಒಂದಿಷ್ಟು ತೂಗಾಡಿದರೇ ಕಾಂಡ ಬಲಿಯುವುದು. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಸುತ್ತಿ ಗಂಟಾಗಿದ್ದ ಬೇರುಗಳನ್ನು ಬಿಡಿಸುವ ಕೆಲಸವಂತೂ ಅವನಷ್ಟು ನಯವಾಗಿ ಬೇರೆ ಯಾರೂ ಮಾಡಲಿಲ್ಲ. ಸಿಕ್ಕುಗಟ್ಟಿದ್ದನ್ನು ನೋವಾಗದಂತೆ ಬಿಡಿಸುವುದು ಅವನ ಹೊಟ್ಟೆಪಾಡಿನ ವಿದ್ಯೆ. ಅಕ್ಕ ಪಕ್ಕದಲ್ಲೇ ನಿಂತು ನೋಡಿದಳು, ಏನೂ ಅನ್ನಲಿಲ್ಲ. ಅವಳು ಏನೂ ಅನ್ನದಿದ್ದುದನ್ನು ಅವನು ಮನೆಗೆ ಹೋಗಿ ಹೆಂಡತಿಗೆ ವರ್ಣಿಸಿ ವರ್ಣಿಸಿ ಹೇಳಿದ.

ವರ್ಷ ತುಂಬುತ್ತಾ ಬಂತು. ಗಿಡಗಳು ಆಳೆತ್ತರ ಮೀರಿ ಸಣ್ಣಗೆ, ಉದ್ದುದ್ದಕ್ಕೆ ಬೆಳೆದು ನಿಂತಿದ್ದವು. ಆಗಲೇ ಅಕ್ಕನ ಮಗಳಿಗೆ ದಿನ ಹತ್ತಿರವಾಗಿತ್ತು. ಮಗಳಿದ್ದದ್ದು ರಾತ್ರಿಯಿಡೀ ಬಸ್ಸಿನಲ್ಲಿ ಹೋಗಬೇಕಾದಷ್ಟು ದೂರದ ಊರಿನಲ್ಲಿ. ಊರವರ ಹೆರಿಗೆಯನ್ನೆಲ್ಲ ಮಾಡಿಸಿದವಳು ಸ್ವಂತ ಮಗಳ ಹೆರಿಗೆಗೆ ಹೋಗದಿರುವುದುಂಟೇ? ಹೋದರೆ ಎರಡು ತಿಂಗಳಂತೂ ಬರುವ ಹಾಗಿಲ್ಲ. ಅಧಿಕಾರಿ ಬರುವ ದಿನದ ಹೊತ್ತಿಗೆ ಹೇಗಾದರೂ ವಾಪಸು ಬರಬಹುದು. ಅಲ್ಲಿಯವರೆಗೆ ಗಿಡಗಳನ್ನು ಯಾರಿಗೆ ಒಪ್ಪಿಸುವುದು?

ಅಕ್ಕ ತಮ್ಮನ ಮನೆಯ ಅಡುಗೆಕೋಣೆಯಲ್ಲಿ ಕೂತು ಬೀದಿಯವರನ್ನೆಲ್ಲ ಒಬ್ಬೊಬ್ಬರಾಗಿ ಲೆಕ್ಕಕ್ಕೆ ತಂದುಕೊಂಡಳು. ಒಬ್ಬರಿಗೆ ಸೊಂಟನೋವು, ಒಬ್ಬರು ಸೋಮಾರಿ, ಒಬ್ಬರು ಬರೀ ಬಾಯಿ. ಎದುರಿಗೇ ಕೂತಿದ್ದ ತಮ್ಮ ತನ್ನ ಸರದಿ ಬರಬಹುದೆಂದು ಬೆನ್ನು ನೆಟ್ಟಗೆ ಮಾಡಿಕೊಂಡು ಕಾದ. ಬರಲಿಲ್ಲ. ಒಲೆಯ ಮುಂದಿದ್ದ ಅವನ ಹೆಂಡತಿಗೆ ತಡೆಯಲಾಗಲಿಲ್ಲ.

"ಅತ್ತಿಗೆ, ಇಷ್ಟು ವರ್ಷದಲ್ಲಿ ಇವ್ರ ಕತ್ತರಿಗೆ ಒಬ್ಬರ ಕಿವಿಯೂ ಸಿಕ್ಕಿಲ್ಲ. ಕಿವಿ ಉಳಿಸ್ದೋರು ಗಿಡ ಉಳಿಸಲ್ವಾ? ಒಂದು ಸಲ ಕೊಟ್ಟು ನೋಡಿ."

ಅಕ್ಕ ತಮ್ಮನನ್ನು ಮೇಲಿಂದ ಕೆಳಗೆ ನೋಡಿದಳು. "ಸರಿ" ಅಂದಳು. ಆ 'ಸರಿ'ಯ ತೂಕ ಅವನಿಗೊಬ್ಬನಿಗೇ ಗೊತ್ತು.

ಬಸ್ ಸ್ಟ್ಯಾಂಡಿನ ತನಕ ಬ್ಯಾಗು ಹೊತ್ತುಕೊಂಡು ಹೋದವನಿಗೆ ದಾರಿಯುದ್ದಕ್ಕೂ ಉಪದೇಶ. ನೀರು ಬೆಳಗ್ಗೆಯೇ ಹಾಕಬೇಕು. ಎಲೆಯ ಹಿಂಭಾಗ ನೋಡಬೇಕು, ಹುಳು ಇರುವುದು ಅಲ್ಲೇ. ಸೈಕಲ್ ಒರಗಿಸಲು ಬಿಡಬಾರದು, ನಾಯಿಗಳನ್ನು ಬಿಡಬಾರದು, ಗ್ಯಾರೇಜಿನವನು ಸುಟ್ಟ ಆಯಿಲ್ ಚೆಲ್ಲಲು ಬಿಡಲೇಬಾರದು. ಬಸ್ಸು ಹೊರಟ ಮೇಲೂ ಕಿಟಕಿಯಿಂದ ತಲೆ ಹೊರಹಾಕಿ ಏನೋ ಹೇಳುತ್ತಲೇ ಇದ್ದಳು. ಅವನು ಎಲ್ಲದಕ್ಕೂ ಹೂಂ ಹೂಂ ಅಂದ. ಹೇಳದೆ ಉಳಿದ ಮಾತು ಒಂದೂ ಇಲ್ಲವೆಂದು ಇಬ್ಬರೂ ನಂಬಿದ್ದರು.

ಮೊದಲ ಎರಡು ವಾರ ತಮ್ಮ ಗಿಡಗಳನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡ. ಬೆಳಗಾಗುತ್ತಲೇ ಬಕೆಟ್ ಹಿಡಿದು ಹೊರಟು, ಒಂದೊಂದೇ ಗಿಡದ ಸುತ್ತ ನೀರು ಹಾಕಿ, ಎಲೆ ಮಗುಚಿ ನೋಡಿ, ಅಂಗಡಿ ತೆಗೆಯುವಷ್ಟರಲ್ಲಿ ಮೊಣಕಾಲ ತನಕ ಕೆಸರು. ಸೈಕಲ್ ಒರಗಿಸಿದವರಿಗೆ ಬೈದ. ನಾಯಿಗಳಿಗೂ ಬೈದ, ಅವು ಕೇಳಲಿಲ್ಲ. ಅಕ್ಕ ದಿನಾ ಫೋನ್ ಮಾಡಿ ಒಂದೊಂದು ಗಿಡದ ಕ್ಷೇಮವನ್ನೂ ವಿಚಾರಿಸಿ, ಹುಟ್ಟಿದ ಮೊಮ್ಮಗಳ ಸುದ್ದಿಯನ್ನು ಕೊನೆಯಲ್ಲಿ ಹೇಳುತ್ತಿದ್ದಳು.

ಎಡವಟ್ಟಾದದ್ದು ಗ್ಯಾರೇಜಿನವನ ಗಡ್ಡದಿಂದ. ಅಥವಾ ಗಡ್ಡ ಕೆರೆಸಿಕೊಳ್ಳುವಾಗ ಸುಮ್ಮನಿರಲಾಗದ ಅವನ ಬಾಯಿಯಿಂದ.

"ತಮ್ಮಣ್ಣ, ತಪ್ಪು ತಿಳ್ಕೋಬೇಡ" ಅಂದ ಗ್ಯಾರೇಜಿನವನು, ನೊರೆಯ ನಡುವಿನಿಂದ. "ನಿಮ್ಮ ಗಿಡಗಳು ನೆಟ್ಟ ದಿನದಿಂದ ಬರೀ ಉದ್ದ ಆಗಿವೆ, ದಪ್ಪ ಆಗಿಲ್ಲ. ಒಂದು ಎತ್ತರ, ಒಂದು ಗಿಡ್ಡ, ಒಂದು ಅತ್ತ ವಾಲಿದೆ. ಅಧಿಕಾರಿ ನೋಡಿದ್ರೆ ಏನಂತಾನೆ? ಬರ ಬಂದ ಊರಿನ ಪೊರಕೆ ಅಂತಾನೆ."

ತಮ್ಮ ಅವನ ಕೆನ್ನೆ ಕೆರೆದು ಮುಗಿಸಿದ. ಗಿರಾಕಿ ಎದ್ದು ಹೋದ ಮೇಲೆ ಬಾಗಿಲಿಗೆ ಬಂದು ನಿಂತು ಬೀದಿಯುದ್ದಕ್ಕೂ ಕಣ್ಣು ಹಾಯಿಸಿದ. ಗ್ಯಾರೇಜಿನವನು ಅಂದದ್ದು ಸುಳ್ಳಲ್ಲ ಅನ್ನಿಸಿತು. ಅಕ್ಕನ ಕಣ್ಣಿಗೆ ಗಿಡಗಳಾಗಿ ಕಾಣುತ್ತಿದ್ದವು ಈಗ ಅವನ ಕಣ್ಣಿಗೆ ತಿಂಗಳುಗಟ್ಟಲೆ ಅಂಗಡಿಯ ಮುಖ ನೋಡದ ತಲೆಗಳಾಗಿ ಕಂಡವು. ಅಂಥ ತಲೆಗಳಿಗೆ ಏನು ಮಾಡಬೇಕೆಂದು ಅವನಿಗೆ ಹೇಳಿಕೊಡಬೇಕೇ? ಕೂದಲು ತೆಳ್ಳಗಿದೆ ಎಂದು ಮಕ್ಕಳನ್ನು ಕರೆತಂದ ತಾಯಂದಿರಿಗೆ ಅವನು ಜೀವಮಾನವಿಡೀ ಹೇಳಿಕೊಂಡು ಬಂದದ್ದು ಒಂದೇ ಮಾತು. ತೆಗೆಸಿಬಿಡಿ, ದಟ್ಟವಾಗಿ ಬರುತ್ತೆ.

ಅಂಗಡಿಗೆ ರಜೆಯಿದ್ದ ದಿನ ಏಣಿ ತಂದ. ಒಂದು ವಿದ್ಯುತ್ ಕಂಬದಿಂದ ಇನ್ನೊಂದಕ್ಕೆ ದಾರ ಎಳೆದು ಕಟ್ಟಿ ಮಟ್ಟ ನೋಡಿದ. ಹಾರ್ಡ್‌ವೇರ್ ಅಂಗಡಿಯಿಂದ ತಂದ ಹೊಸ ದೊಡ್ಡ ಕತ್ತರಿಯನ್ನು ಅಭ್ಯಾಸಬಲದಿಂದ ಗಾಳಿಯಲ್ಲೇ ಎರಡು ಸಲ ಟಕಟಕ ಆಡಿಸಿದ. ದಾರದ ಮೇಲೆ ಹೋದ ತುದಿಗಳೆಲ್ಲ ಒಂದೊಂದಾಗಿ ಕೆಳಗೆ ಬಿದ್ದವು. ಪಕ್ಕದ ರೆಂಬೆಗಳನ್ನೂ ಗುಂಡಗೆ ಸವರಿದ. ಸೆಲೂನಿನ ಪೊರಕೆಯಿಂದಲೇ ಗುಡಿಸಿ, ರಸ್ತೆಯ ಆ ಬದಿಗೆ ಹೋಗಿ, ತಲೆ ಓರೆ ಮಾಡಿ ನೋಡಿದ. ಒಂದೇ ಎತ್ತರ, ಒಂದೇ ಸಾಲು. ಬೀದಿಯವರು ಬಂದು ನೋಡಿ ಭೇಷ್ ಅಂದರು. ಗ್ಯಾರೇಜಿನವನೂ ತುಟಿಪಿಟಕ್ಕೆನ್ನಲಿಲ್ಲ.

"ಅತ್ತಿಗೇನ ಒಂದು ಮಾತು ಕೇಳಿದ್ರಾ?" ಅಂದಳು ಹೆಂಡತಿ.

"ಕಟಿಂಗ್ ಮಾಡೋಕೆ ನಾನು ಯಾರನ್ನ ಕೇಳ್ಬೇಕು?"

ಹೆಂಡತಿ ಸುಮ್ಮನಾದಾಗಲಾದರೂ ಅವನು ಎಚ್ಚರವಾಗಬೇಕಿತ್ತು.

ಆದರೆ ಗಿಡಗಳೇ ಅವನ ಪಕ್ಷ ವಹಿಸಿದ ಹಾಗಿತ್ತು. ಕೆಲವೇ ದಿನದಲ್ಲಿ ಕತ್ತರಿಸಿದ ಜಾಗದ ಕೆಳಗಿನಿಂದ ನಾಲ್ಕೈದು ಚಿಗುರು ಒಟ್ಟಿಗೆ ಎದ್ದವು. ತಿಂಗಳು ಕಳೆಯುವಷ್ಟರಲ್ಲಿ ಒಂದೊಂದು ಗಿಡದ ತಲೆಯೂ ಹಸಿರು ಬುಟ್ಟಿಯಷ್ಟು ದಟ್ಟವಾಯಿತು. ತಮ್ಮನಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಕುರ್ಚಿಯಲ್ಲಿ ಕೂತ ಗಿರಾಕಿಗಳ ತಲೆಯನ್ನು ಬಾಗಿಲ ಕಡೆ ತಿರುಗಿಸಿ ತೋರಿಸಿದ. ಫೋನಿನಲ್ಲಿ ಅಕ್ಕನಿಗೆ "ಗಿಡ ದಟ್ಟ ಆಗಿವೆ" ಎಂದಷ್ಟೇ ಹೇಳಿದ. "ಹೌದೇನೋ? ಅಷ್ಟು ಬೇಗ ಹೇಗೆ?" ಎಂದು ಅವಳು ಆಶ್ಚರ್ಯಪಟ್ಟಳು. ಬಂದು ತನ್ನ ಕಣ್ಣಾರೆ ನೋಡಲಿ ಎಂದು ಅವನು ಬಾಯಿ ಬಿಡಲಿಲ್ಲ.

ಅಧಿಕಾರಿ ಬರುವ ದಿನವೇ ಬೆಳಗ್ಗೆ ಅಕ್ಕ ಬಸ್ಸಿಳಿದಳು. ಬ್ಯಾಗು ಅವನ ಕೈಯಲ್ಲಿ, ಅವಳ ಬಾಯಲ್ಲಿ ಮೊಮ್ಮಗಳ ಮೂಗಿನ ವರ್ಣನೆ. ಬೀದಿಯ ತಿರುವಿನಲ್ಲಿ ಮಾತು ನಿಂತಿತು. ಮೊದಲ ಗಿಡದ ಹತ್ತಿರ ಹೋಗಿ, ಹಿಮ್ಮಡಿ ಎತ್ತಿ ನಿಂತು, ಚಿಗುರುಗಳನ್ನು ಬೆರಳಿನಿಂದ ಅಗಲಿಸಿ, ನಡುವೆ ಬೋಳಾಗಿ ನಿಂತಿದ್ದ ಕತ್ತರಿಸಿದ ತುದಿಯನ್ನು ಮುಟ್ಟಿ ನೋಡಿದಳು.

"ಯಾರೋ ಇದನ್ನ ಮಾಡಿದ್ದು?"

"ನಾನೇ ಅಕ್ಕ." ಅವನ ಮುಖ ಇನ್ನೂ ಊರಗಲವಿತ್ತು.

ಅವಳು ಎರಡನೆಯ ಗಿಡಕ್ಕೆ ಹೋದಳು, ಮೂರನೆಯದಕ್ಕೆ ಹೋದಳು, ಬೀದಿಯ ಕೊನೆಯ ತನಕ ಹೋದಳು. ವಾಪಸು ಬಂದು ಸೆಲೂನಿನ ಮೆಟ್ಟಿಲ ಮೇಲೆ ಕೂತಳು. ಅಕ್ಕ ಬೈದರೆ ಅವನಿಗೆ ಅಭ್ಯಾಸವಿತ್ತು. ಅವಳು ಬೈಯಲಿಲ್ಲ.

"ಅದು ಕೂದಲಲ್ಲ ಕಣೋ" ಅಂದಳು ಮೆತ್ತಗೆ. "ಕೂದಲು ಬುಡದಿಂದ ಬೆಳೆಯತ್ತೆ, ನೀನು ಎಲ್ಲಿ ಕತ್ತರಿಸಿದ್ರೂ ಅದಕ್ಕೇನೂ ಇಲ್ಲ. ಮರ ಬೆಳೆಯೋದು ತುದಿಯಿಂದ. ಮೇಲಕ್ಕೆ ಹೋಗೋ ತುದಿ ಒಂದೇ ಇರತ್ತೆ, ಮಿಕ್ಕಿದ್ದೆಲ್ಲ ಅದರ ಹಿಂದೆ ಹೋಗತ್ತೆ. ಅದನ್ನೇ ತೆಗೆದ್ರೆ ಕೆಳಗಿರೋವೆಲ್ಲ ನಾನು ತಾನು ಅಂತ ಏಳ್ತವೆ. ಅದಕ್ಕೇ ದಟ್ಟ ಕಾಣ್ತಿರೋದು. ನಾಳೆ ಅವೆಲ್ಲ ಬಸ್ಸಿನ ಎತ್ತರಕ್ಕೇ ಹರಡ್ಕೊಳ್ತವೆ. ಒಂದಕ್ಕೂ ಹಿಡಿತ ಇರಲ್ಲ, ಜೋರು ಗಾಳಿ ಬಂದ್ರೆ ಸೀಳ್ಕೊಂಡು ಬೀಳ್ತವೆ."

"ನೀನು ಹೇಳಿರ್ಲಿಲ್ಲ ಅಕ್ಕ."

"ಹೇಳಿರ್ಲಿಲ್ಲ. ಗಿಡದ ತಲೆ ತೆಗೀಬೇಡ ಅಂತ ಹೇಳ್ಬೇಕು ಅಂತ ನನಗೆ ಹೊಳೀಲೇ ಇಲ್ಲ."

ಅವಳು ಕಣ್ಣೊರೆಸಿಕೊಂಡಳೋ, ಪ್ರಯಾಣದ ಧೂಳು ಒರೆಸಿಕೊಂಡಳೋ ಅವನು ನೋಡಲು ಹೋಗಲಿಲ್ಲ. ಚೆಲ್ಲಿದ ಹಾಲಿನ ಕಾಲದಿಂದ ಇವತ್ತಿನವರೆಗೆ ಅವನಿಗೆ ಇಷ್ಟು ನಾಚಿಕೆಯಾಗಿರಲಿಲ್ಲ. ಎರಡು ತಿಂಗಳು ಅಕ್ಕ ನಂಬಿದ್ದಳು. ಆ ನಂಬಿಕೆಯನ್ನು ತಾನೇ ಏಣಿ ಹತ್ತಿ, ದಾರ ಕಟ್ಟಿ, ಮಟ್ಟ ನೋಡಿ ಕತ್ತರಿಸಿದ್ದ.

ಅಷ್ಟರಲ್ಲಿ ಪುರಸಭೆಯ ಕಾರು ಬಂದೇಬಿಟ್ಟಿತು. ಇಳಿದ ಅಧಿಕಾರಿ ರಸ್ತೆ ವಿಭಾಗದಿಂದ ಈಚೆಗಷ್ಟೇ ಉದ್ಯಾನ ವಿಭಾಗಕ್ಕೆ ವರ್ಗವಾಗಿ ಬಂದವರು. ದಟ್ಟ ಗುಂಗುರು ಕೂದಲು. ಯಾರೋ ಹಿಂಭಾಗವನ್ನು ಅವಸರದಲ್ಲಿ ಕೆಡಿಸಿದ್ದಾರೆಂದು ತಮ್ಮ ಆ ಸಂಕಟದಲ್ಲೂ ಗಮನಿಸಿದ. ಜೀವನವಿಡೀ ನೇರ ಗೆರೆ, ಸಮ ಮಟ್ಟ ನೋಡಿಕೊಂಡು ಬಂದ ಅವರು ಮರಗಳ ಸಾಲನ್ನು ನೋಡಿ ಕಾರಿನ ಬಾಗಿಲು ಹಾಕುವುದನ್ನೇ ಮರೆತರು.

"ಅಬ್ಬ" ಅಂದರು. "ನಾನು ನೋಡಿದ ಬೀದಿಗಳಲ್ಲೆಲ್ಲ ಗಿಡಗಳು ಒಂದೊಂದು ದಿಕ್ಕಿಗೆ ಒಂದೊಂದು ಥರ. ಇಲ್ಲಿ ನೋಡಿ, ಗೆರೆ ಎಳೆದ ಹಾಗಿದೆ. ಯಾರು ಮಾಡಿದ್ದು ಇದನ್ನ?"

ತಮ್ಮ ಬಾಯಿ ತೆರೆಯುವ ಮೊದಲೇ ಅಕ್ಕ ಎದ್ದು ಬಂದಿದ್ದಳು. "ನನ್ನ ತಮ್ಮ" ಅಂದಳು, ಬೀದಿಗೆಲ್ಲ ಕೇಳುವ ಹಾಗೆ. ಅದೇ ಹೊತ್ತಿಗೆ ಅವನ ಮೊಣಕೈಯ ಹಿಂದಿನ ಚರ್ಮವನ್ನು ಎರಡು ಬೆರಳಿನಲ್ಲಿ ಹಿಡಿದು ಚಿವುಟಿದಳು. ಬಾಯಿ ಮುಚ್ಚಿಕೊಂಡಿರು ಎಂದು ಅದರ ಅರ್ಥ. ನರ್ಸಮ್ಮನ ಬೆರಳು, ಹಿಡಿತ ಸಡಿಲವಿರಲಿಲ್ಲ.

ತಮ್ಮನಿಗೆ ಮೊದಲು ನೋವಾಯಿತು, ಆಮೇಲೆ ಅರ್ಥವಾಯಿತು. ಮರದ ವಿಷಯದಲ್ಲಿ ಎಂದೂ ಒಂದು ಸುಳ್ಳು ಹೇಳದ ಅಕ್ಕ ಈಗ ಮರಗಳಿಗಾಗಿಯೇ ಸುಮ್ಮನಿದ್ದಾಳೆ. ಅಧಿಕಾರಿ ಮೆಚ್ಚಿ ಹೋಗಲಿ, ಜಾಗ ಉಳಿಯಲಿ, ಆಮೇಲೆ ಹೇಗೋ ಸರಿಮಾಡಿಕೊಳ್ಳೋಣ ಎಂದು ಅವಳ ಲೆಕ್ಕ. ಅಧಿಕಾರಿ ಸಾಲಿನುದ್ದಕ್ಕೂ ಒಂದು ಸುತ್ತು ಹಾಕಿ ಬಂದರು. "ಈ ಬೀದಿ ಪಾಸು. ಬೇಲಿ, ಟ್ಯಾಂಕರ್ ಎಲ್ಲ ಸಿಗತ್ತೆ" ಅಂದರು. ಗ್ಯಾರೇಜಿನ ಬಾಗಿಲಲ್ಲಿ ನಿಂತಿದ್ದವನ ಮುಖ ಸಪ್ಪಗಾಯಿತು. ನೆರೆದಿದ್ದ ಬೀದಿಯವರು ಚಪ್ಪಾಳೆ ತಟ್ಟಿದರು. ನಾಲ್ಕು ಜನರೆದುರು ಅಕ್ಕ ಅವನನ್ನು ನನ್ನ ತಮ್ಮ ಎಂದಿದ್ದಳು, ಅವನಿಂದಾಗಿ ಬೀದಿ ಗೆದ್ದಿತ್ತು. ಇನ್ನೇನು ಬೇಕಿತ್ತು?

ಅಧಿಕಾರಿ ಕಾರಿನ ಕಡೆ ಎರಡು ಹೆಜ್ಜೆ ಹಾಕಿದವರು ತಿರುಗಿದರು.

"ನೋಡಿ, ನಾಳೆಯಿಂದ ಊರಿನ ಎಲ್ಲಾ ಬೀದಿಗಳ ಗಿಡಗಳಿಗೂ ಹೀಗೇ ಮಾಡಿಸ್ಬೇಕು ಅಂತಿದ್ದೀನಿ. ನಮ್ಮ ಕೆಲಸದವರಿಗೆ ಇದೆಲ್ಲ ಬರಲ್ಲ. ನೀವೇ ಬಂದು ತೋರಿಸಿಕೊಡ್ತೀರಾ?"

ತಮ್ಮ ಅಕ್ಕನ ಕಡೆ ನೋಡಿದ. ಅಕ್ಕ ರಸ್ತೆಯ ಕಡೆ ನೋಡುತ್ತಿದ್ದಳು. ಅವಳ ಬೆರಳು ಇನ್ನೂ ಅವನ ಮೊಣಕೈ ಮೇಲಿತ್ತು. ಈಗ ಚಿವುಟುತ್ತಲೂ ಇರಲಿಲ್ಲ, ಬಿಡುತ್ತಲೂ ಇರಲಿಲ್ಲ. ಊರಿನ ಇನ್ನೊಂದು ಬೀದಿಯಲ್ಲಿ, ಮತ್ತೊಂದು ಬೀದಿಯಲ್ಲಿ, ಹೀಗೆಯೇ ಯಾರೋ ಬೇರು ಬಿಡಿಸಿ, ಬಕೆಟ್ ಹೊತ್ತು ಬೆಳೆಸಿದ ಗಿಡಗಳು ಅವನ ಕಣ್ಣಿಗೆ ಕಟ್ಟಿದವು. ದಾರದ ಮೇಲೆ ಹೋದ ತುದಿಗಳು ಒಂದೊಂದಾಗಿ ಬೀಳುವುದೂ ಕಂಡಿತು. ಸುಮ್ಮನಿದ್ದರೆ ಅಕ್ಕನ ಮೆಚ್ಚಿನ ತಮ್ಮ. ಮಾತಾಡಿದರೆ ಮತ್ತೆ ಹಾಲು ಚೆಲ್ಲಿದವನು.

"ಸಾರ್, ಅದನ್ನ ಮಾಡಿಸ್ಬೇಡಿ" ಅಂದ. "ಇದು ತಪ್ಪು. ನಾನು ಗೊತ್ತಿಲ್ದೆ ಮಾಡಿದ್ದು."

ಚಪ್ಪಾಳೆ ತಟ್ಟಿದ ಕೈಗಳು ಹಾಗೇ ನಿಂತವು. ತಮ್ಮ ತೊದಲುತ್ತಲೇ ಹೇಳಿಕೊಂಡು ಹೋದ. ತಾನು ಕ್ಷೌರದವನು, ಗಿಡವನ್ನೂ ತಲೆ ಎಂದುಕೊಂಡೆ, ತಲೆಯಾದರೆ ಬುಡದಿಂದ ಬರುತ್ತೆ, ಮರಕ್ಕೆ ತುದಿ ಹೋದರೆ ದಾರಿಯೇ ಹೋದಂತೆ, ಈ ಬುಟ್ಟಿಯಷ್ಟು ದಟ್ಟವಾದದ್ದೆಲ್ಲ ಮುಂದೆ ಗಾಳಿಗೆ ಸೀಳುತ್ತೆ. ಬೆಳಗ್ಗೆ ತನಕ ತನಗೂ ಗೊತ್ತಿರಲಿಲ್ಲ ಅನ್ನುವುದನ್ನೂ ಬಿಡಲಿಲ್ಲ. ಅಧಿಕಾರಿಯ ಮುಖ ಕೆಂಪಾಯಿತು. ಈಗಷ್ಟೇ ಎಲ್ಲರೆದುರು ಹೊಗಳಿದ್ದನ್ನು ಯಾರಿಗಾದರೂ ನುಂಗಿಕೊಳ್ಳುವುದು ಕಷ್ಟವೇ.

"ಅಂದ್ರೆ ಗಿಡಗಳು ಹಾಳಾಗಿವೆ ಅಂತ ನೀವೇ ಹೇಳ್ತಿದ್ದೀರಿ."

"ನಾನು ಮೊದ್ಲಿಂದ ಅದನ್ನೇ ಹೇಳ್ತಿರೋದು ಸಾರ್" ಅಂದ ಗ್ಯಾರೇಜಿನವನು, ರಸ್ತೆ ದಾಟಿ ಬರುತ್ತಾ.

ತಮ್ಮನ ಮೊಣಕೈಯಿಂದ ಅಕ್ಕನ ಕೈ ಕೆಳಗಿಳಿಯಿತು. ಮುಗಿಯಿತು ಅಂದುಕೊಂಡ.

"ಹಾಳಾಗಿಲ್ಲ" ಅಂದಳು ಅಕ್ಕ. ಒಂದು ಹೆಜ್ಜೆ ಮುಂದೆ ಬಂದು ಅವನಿಗೂ ಅಧಿಕಾರಿಗೂ ನಡುವೆ ನಿಂತಳು. "ಬೇರು ಚೆನ್ನಾಗಿ ಹಿಡಿದಿದೆ, ಬೇಕಾದ್ರೆ ಅಲ್ಲಾಡಿಸಿ ನೋಡಿ. ಎದ್ದಿರೋ ಚಿಗುರಲ್ಲಿ ಒಂದನ್ನ ನೆಟ್ಟಗೆ ಕಟ್ಟಿ ಬೆಳೆಸಿದ್ರೆ ಅದೇ ತುದಿ ಆಗತ್ತೆ. ಟೈಮ್ ಬೇಕು ಅಷ್ಟೇ. ಇನ್ನು ತಪ್ಪಿನ ವಿಷಯ. ಅವನು ಗೊತ್ತಿಲ್ದೆ ಕತ್ತರಿಸ್ದ. ನಾನು ಗೊತ್ತಿದ್ದೂ ಈಗ ನಿಮ್ಮೆದುರು ಸುಮ್ನಿದ್ದೆ. ಯಾರದ್ದು ದೊಡ್ಡದು ಅಂತ ನೀವೇ ನೋಡಿ."

ಅಕ್ಕ ತನ್ನ ಮೇಲೆ ತಪ್ಪು ಹಾಕಿಕೊಂಡದ್ದನ್ನು ಬೀದಿ ಅದೇ ಮೊದಲು ಕೇಳಿದ್ದು. ಅಧಿಕಾರಿ ಒಂದು ಗಿಡದ ಹತ್ತಿರ ಹೋಗಿ ಕಾಂಡ ಹಿಡಿದು ಅಲ್ಲಾಡಿಸಿದರು. ಗಿಡ ಜಗ್ಗಲಿಲ್ಲ. ಚಿಗುರಿನ ನಡುವೆ ಇಣುಕಿ ನೋಡಿದರು, ಬಹಳ ಹೊತ್ತು ನೋಡಿದರು.

"ಪಾಸು ಅಂದಿದ್ದನ್ನ ವಾಪಸು ತಗೊಳ್ತಿದ್ದೀನಿ" ಅಂದರು ಕೊನೆಗೆ. "ಡಾಂಬರನ್ನೂ ಸದ್ಯಕ್ಕೆ ಹಾಕಿಸಲ್ಲ. ಮುಂದಿನ ವರ್ಷ ಇದೇ ಹೊತ್ತಿಗೆ ಬರ್ತೀನಿ. ಒಂದೊಂದು ಮರಕ್ಕೂ ಒಂದೊಂದೇ ತುದಿ, ನೆಟ್ಟಗೆ ಮೇಲೆ ಹೋಗಿರ್ಬೇಕು. ಇಲ್ಲಾಂದ್ರೆ ಪಾರ್ಕಿಂಗ್." ಕಾರು ಹತ್ತುವ ಮೊದಲು ತಮ್ಮನ ಕಡೆ ತಿರುಗಿ, "ಬೇರೆ ಬೀದಿಗಳಿಗೆ ಕತ್ತರಿ ಹೋಗಲ್ಲ ಬಿಡಿ" ಎಂದು ಸ್ವಲ್ಪ ಮೆತ್ತಗೆ ಹೇಳಿ ಹೋದರು.

ಜನ ಚದುರಿದರು. ಗ್ಯಾರೇಜಿನವನು ಇನ್ನೊಂದು ವರ್ಷ ಕಾರುಗಳನ್ನು ಎಲ್ಲಿ ನಿಲ್ಲಿಸುವುದೆಂದು ಗೊಣಗುತ್ತಾ ಒಳಗೆ ಹೋದ. ಅಕ್ಕ ಬ್ಯಾಗು ಎತ್ತಿಕೊಂಡು ತನ್ನ ಮನೆಗೆ ಹೋದಳು. ತಮ್ಮ ಆ ಮಧ್ಯಾಹ್ನ ಇಬ್ಬರು ಗಿರಾಕಿಗಳಿಗೆ ಕ್ಷೌರ ಮಾಡಿದ. ಇಬ್ಬರನ್ನೂ ಏನು ಕೇಳಿದನೋ, ಅವರು ಏನು ಹೇಳಿದರೋ ಅವನಿಗೆ ನೆನಪಿಲ್ಲ. ಹೆಂಡತಿ ಚಹಾ ತಂದುಕೊಟ್ಟು, "ಒಳ್ಳೇದೇ ಮಾಡಿದ್ರಿ" ಅಂದಳು. "ಮೊದ್ಲು ಕೆಡಿಸಿದ್ದೂ ನಾನೇ" ಅಂದ ಅವನು. "ಅದೂ ಹೌದು" ಎಂದು ಅವಳು ಲೋಟ ತೆಗೆದುಕೊಂಡು ಹೋದಳು.

ಬಿಸಿಲು ಇಳಿದ ಮೇಲೆ ಅಕ್ಕ ಬಂದಳು. ಸ್ನಾನ ಮಾಡಿ, ಬೇರೆ ಬಟ್ಟೆ ಹಾಕಿಕೊಂಡು, ಒಂದು ಕಟ್ಟು ತೆಳ್ಳನೆಯ ಕೋಲು, ಹಳೆ ಬಟ್ಟೆ ಹರಿದು ಮಾಡಿದ ಪಟ್ಟಿಗಳನ್ನು ತಂದಿದ್ದಳು. "ಆ ಕತ್ತರಿ ತಗೊಂಡು ಬಾ" ಅಂದಳು. ಅವನು ದೊಡ್ಡ ಕತ್ತರಿ ತಂದು ಅವಳ ಕೈಗೆ ಕೊಡಲು ಹೋದ. ಅವಳು ತೆಗೆದುಕೊಳ್ಳಲಿಲ್ಲ.

ಮೊದಲ ಮರದ ಮುಂದೆ ಇಬ್ಬರೂ ನಿಂತರು. ಕತ್ತರಿಸಿದ ಜಾಗದ ಸುತ್ತ ಐದು ಚಿಗುರು, ಒಂದಕ್ಕಿಂತ ಒಂದು ಚುರುಕು.

"ಒಂದನ್ನ ಇಟ್ಕೊಳ್ಬೇಕು, ಮಿಕ್ಕಿದ್ದನ್ನ ತೆಗೀಬೇಕು" ಅಂದಳು. "ಯಾವುದನ್ನ ಇಟ್ಕೊಳ್ಳೋಣ?"

ಅವನು ಅವಳ ಮುಖ ನೋಡಿದ. ಪರೀಕ್ಷೆ ಇರಬೇಕು ಅನ್ನಿಸಿತು. "ನೀನೇ ಹೇಳಕ್ಕ. ಕ್ಲಾಸಿಗೆ ಹೋದೋಳು ನೀನು."

"ಇದನ್ನ ಹೇಳಿಕೊಟ್ಟ ಭಾನುವಾರ ನನಗೆ ಜ್ವರ ಬಂದಿತ್ತು" ಅಂದಳು ಅಕ್ಕ. "ಒಂದನ್ನ ಉಳಿಸ್ಬೇಕು ಅನ್ನೋವರೆಗೂ ಗೊತ್ತು. ಯಾವುದನ್ನ ಅಂತ ನನಗೂ ಗೊತ್ತಿಲ್ಲ. ನಿನ್ನನ್ನ ಕೇಳ್ತಿದ್ದೀನಿ."

ತಮ್ಮ ಕತ್ತರಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಮರದ ಸುತ್ತ ಒಂದು ಸುತ್ತು ಬಂದ. ಮುಂದಿನಿಂದ ನೋಡಿದ, ಹಿಂದಿನಿಂದ ನೋಡಿದ. ಏಣಿ ತಂದು ಹತ್ತಿ ಮೇಲಿನಿಂದ ನೋಡಿದ. ಒಂದೊಂದು ಚಿಗುರನ್ನೂ ಬುಡದಲ್ಲಿ ಹಿಡಿದು ಮೆಲ್ಲಗೆ ಬಾಗಿಸಿದ. ಎಲ್ಲಕ್ಕಿಂತ ದಪ್ಪಗಿದ್ದದ್ದು ಅತ್ತ ಹೊರಳಿತ್ತು, ಬುಡದ ಹಿಡಿತ ತೆಳುವಾಗಿತ್ತು. ಕತ್ತರಿಸಿದ ಜಾಗಕ್ಕೆ ತೀರ ಹತ್ತಿರ, ಅಷ್ಟೇನೂ ದಪ್ಪವಿಲ್ಲದ ಒಂದು ಚಿಗುರು ಕಾ‌ಂಡಕ್ಕೆ ಭದ್ರವಾಗಿ ಅಂಟಿಕೊಂಡು ನೆಟ್ಟಗೆ ಎದ್ದಿತ್ತು.

"ಇದು" ಅಂದ. ಧ್ವನಿ ಅವನಿಗೇ ಕೇಳಿಸಿದ್ದು ಅಷ್ಟಕ್ಕಷ್ಟೇ.

ಅಕ್ಕನ ಕಣ್ಣು ಆ ದಪ್ಪ ಚಿಗುರಿನ ಮೇಲಿತ್ತು. ಅವನಿಗದು ಚೆನ್ನಾಗಿ ಕಂಡಿತು. ಏನೋ ಹೇಳಲೆಂದು ಅವಳ ಬಾಯಿಯೂ ತೆರೆಯಿತು. ಮತ್ತೆ ಮುಚ್ಚಿತು. ಅವಳು ಏಣಿಯ ಕೆಳಗಿನ ಮೆಟ್ಟಿಲ ಮೇಲೆ ನಿಂತು, ಕೈ ಎತ್ತಿ, ಅವನು ತೋರಿಸಿದ ಚಿಗುರಿಗೆ ಕೋಲು ಕೊಟ್ಟು, ಬಟ್ಟೆಯ ಪಟ್ಟಿಯನ್ನು ಸಡಿಲವಾಗಿ ಸುತ್ತಿ ಗಂಟು ಹಾಕಿದಳು. ಉಳಿದ ನಾಲ್ಕನ್ನು ಅವನು ಕತ್ತರಿಸುವಾಗ ಅವಳು ನೋಡುತ್ತಾ ನಿಲ್ಲಲಿಲ್ಲ. ಕೋಲಿನ ಕಟ್ಟನ್ನು ಎತ್ತಿಕೊಂಡು ಮುಂದಿನ ಮರದ ಹತ್ತಿರ ಹೋಗಿ, ಅವನು ಏಣಿ ತರುವ ತನಕ ಕಾದಳು.